'ಮೋರ್ ಟಾಲರ್' ಯಾಕೆ ತಪ್ಪು? ಪಟ್ಟಿ ಬಾಯಿಪಾಠ ಬಂದರೂ ವಾಕ್ಯ ಯಾಕೆ ಬರುವುದಿಲ್ಲ?

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ, ಕನ್ನಡ ಮಾಧ್ಯಮ. ಇಂಗ್ಲಿಷ್‌ನ ಡಿಗ್ರೀಸ್ ಆಫ್ ಕಂಪ್ಯಾರಿಸನ್ ('ಟಾಲ್, ಟಾಲರ್, ಟಾಲೆಸ್ಟ್' ಥರದ ಹೋಲಿಕೆಯ ರೂಪಗಳು) ಪಟ್ಟಿಯನ್ನು ಗಿಣಿಪಾಠ ಒಪ್ಪಿಸುತ್ತಾನೆ. ವಾಕ್ಯ ಬರೆ ಅಂದರೆ ಮಾತ್ರ 'ಹಿ ಈಸ್ ಮೋರ್ ಟಾಲರ್ ದ್ಯಾನ್ ಮಿ', 'ಶಿ ಈಸ್ ದ ಟಾಲೆಸ್ಟ್ ದ್ಯಾನ್ ಆಲ್' ಅಂತ ಬರೆಯುತ್ತಾನೆ. ಯಾವಾಗ 'ಅರ್', ಯಾವಾಗ 'ಮೋರ್' ಅನ್ನುವುದಕ್ಕೆ ಏನಾದರೂ ಲೆಕ್ಕ ಇದೆಯಾ? ಡಿಗ್ರಿ ಬದಲಿಸುವ ಪ್ರಶ್ನೆಯಲ್ಲಿ 'ನೋ ಅದರ್', 'ವೆರಿ ಫ್ಯೂ' ಬಂದರೆ ಅವನಿಗಿರಲಿ, ನನಗೇ ತಲೆ ಕೆಡುತ್ತದೆ. 'ದ್ಯಾನ್ ಐ' ಸರಿಯೋ 'ದ್ಯಾನ್ ಮಿ' ಸರಿಯೋ, ಅದನ್ನೂ ಹೇಳಿ.

ಉತ್ತರ: ಮೊದಲು ಆ ಎರಡು ತಪ್ಪು ವಾಕ್ಯಗಳನ್ನೇ ಕೈಗೆತ್ತಿಕೊಳ್ಳೋಣ. ಅವು ಸುಮ್ನೆ ಬಂದ ತಪ್ಪುಗಳಲ್ಲ. ನಿಮ್ಮ ಮಗ ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದ್ದಾನೆ, ಇಂಗ್ಲಿಷ್‌ಗೆ ದಾಟುವಾಗ ಕಾಲು ಜಾರಿದೆ, ಅಷ್ಟೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ವರ್ಷ ವರ್ಷವೂ ಇದೇ ಎರಡು ವಾಕ್ಯಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ.

ಕನ್ನಡದಲ್ಲಿ ನಾವು ಹೋಲಿಸುವುದು ಹೇಗೆ ನೋಡಿ. 'ರವಿ ಎತ್ತರ.' 'ರವಿ ರಾಜುಗಿಂತ ಎತ್ತರ.' 'ರವಿ ಎಲ್ಲರಿಗಿಂತ ಎತ್ತರ.' ಮೂರೂ ಕಡೆ 'ಎತ್ತರ' ಅಲ್ಲಾಡದೆ ಕೂತಿದೆ. ಬದಲಾದದ್ದು ರಾಜು. ಅವನಿಗೆ 'ಗಿಂತ' ಅಂಟಿಸಿದೆವು, ಕೆಲಸ ಮುಗಿಯಿತು. ಬೇಕಾದರೆ 'ಇನ್ನೂ', 'ಜಾಸ್ತಿ' ಅಂತ ಸೇರಿಸಬಹುದು, ಸೇರಿಸದಿದ್ದರೂ ಏನೂ ಕೆಡುವುದಿಲ್ಲ. ಇಂಗ್ಲಿಷ್‌ನಲ್ಲಿ ಇಷ್ಟಕ್ಕೆ ಮುಗಿಯುವುದಿಲ್ಲ. ರಾಜುವಿನ ಹಿಂದೆ 'ದ್ಯಾನ್' ಬರಬೇಕು, ಜೊತೆಗೆ 'ಟಾಲ್' ಕೂಡ 'ಟಾಲರ್' ಆಗಬೇಕು. ಒಂದೇ ಹೋಲಿಕೆಗೆ ಎರಡು ಕಡೆ ಗುರುತು ಹಾಕುವ ಭಾಷೆ ಅದು.

ಇದು ಗೊತ್ತಿಲ್ಲದ ಮಗು ಮೊದಲು ಬರೆಯುವುದು 'ಹಿ ಈಸ್ ಟಾಲ್ ದ್ಯಾನ್ ಮಿ' ಅಂತ. ಅದು ಅಪ್ಪಟ ಕನ್ನಡ, ವೇಷ ಮಾತ್ರ ಇಂಗ್ಲಿಷ್. ಮೇಷ್ಟ್ರು ತಿದ್ದುತ್ತಾರೆ. ಆಮೇಲೆ ಮಗು ಹೆದರಿ, 'ಜಾಸ್ತಿ' ಅಂದರೆ 'ಮೋರ್' ಅಲ್ವಾ, ಪಟ್ಟಿಯಲ್ಲಿ 'ಟಾಲರ್' ಅಂತಲೂ ಇದೆ, ಯಾವುದಕ್ಕೂ ಇರಲಿ ಎರಡನ್ನೂ ಹಾಕಿಬಿಡೋಣ ಅಂತ 'ಮೋರ್ ಟಾಲರ್' ಬರೆಯುತ್ತದೆ. ಇನ್ನು 'ದ ಟಾಲೆಸ್ಟ್ ದ್ಯಾನ್ ಆಲ್' ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ. 'ಎಲ್ಲರಿಗಿಂತ' ಅನ್ನುವುದರಲ್ಲಿ 'ಗಿಂತ' ಇದೆ, 'ಗಿಂತ' ಅಂದರೆ 'ದ್ಯಾನ್' ಅಂತ ಹೇಳಿಕೊಟ್ಟವರು ನಾವೇ.

ಆದ್ದರಿಂದ ನನ್ನ ಸಲಹೆ ಇಷ್ಟು: 'ಟಾಲ್, ಟಾಲರ್, ಟಾಲೆಸ್ಟ್' ಅಂತ ಒಂಟಿ ಪದಗಳ ಪಟ್ಟಿ ಒಪ್ಪಿಸುವುದನ್ನು ಇವತ್ತೇ ನಿಲ್ಲಿಸಿ. ಅದರ ಬದಲು 'ಆಸ್ ಟಾಲ್ ಆಸ್, ಟಾಲರ್ ದ್ಯಾನ್, ದ ಟಾಲೆಸ್ಟ್ ಇನ್' ಅಂತ ಜೊತೆಗಾರರ ಸಮೇತ ಹೇಳಿಸಿ. 'ಆಸ್ ಗುಡ್ ಆಸ್, ಬೆಟರ್ ದ್ಯಾನ್, ದ ಬೆಸ್ಟ್ ಇನ್.' ಪಟ್ಟಿ ಅದೇ, ಆದರೆ ಪ್ರತಿ ಪದದ ಹಿಂದೆ ಮುಂದೆ ಯಾರು ಬರಬೇಕು ಅನ್ನುವುದು ನಾಲಿಗೆಗೇ ಅಂಟಿಕೊಳ್ಳುತ್ತದೆ. ಹೀಗೆ ಕಲಿತವನ ಬಾಯಲ್ಲಿ 'ಟಾಲೆಸ್ಟ್ ದ್ಯಾನ್' ಅನ್ನುವುದು ಬರುವುದೇ ಕಷ್ಟ, ಕಿವಿಗೆ ಕಚ್ಚುತ್ತದೆ. 'ಎಸ್ಟ್' ಬಂದ ಮೇಲೆ 'ದ್ಯಾನ್'ಗೆ ಜಾಗ ಇಲ್ಲ. ಅಲ್ಲಿ ಬರುವುದು 'ಇನ್' ಅಥವಾ 'ಆಫ್'. ಊರು, ತರಗತಿ, ಜಗತ್ತು ಅಂದರೆ 'ಇನ್': 'ದ ಟಾಲೆಸ್ಟ್ ಇನ್ ದ ಕ್ಲಾಸ್'. ಜನರನ್ನೋ ವಸ್ತುಗಳನ್ನೋ ಎಣಿಸಿ ಹೇಳಿದರೆ 'ಆಫ್': 'ದ ಟಾಲೆಸ್ಟ್ ಆಫ್ ದ ತ್ರೀ', 'ದ ಟಾಲೆಸ್ಟ್ ಆಫ್ ಆಲ್'.

ಈಗ 'ಅರ್' ಯಾವಾಗ, 'ಮೋರ್' ಯಾವಾಗ ಅನ್ನುವ ಲೆಕ್ಕ. ಇದೆ, ಸಾಕಷ್ಟು ಒಳ್ಳೆಯ ಲೆಕ್ಕವೇ ಇದೆ. ಪದದಲ್ಲಿ ಎಷ್ಟು ಸಿಲಬಲ್, ಅಂದರೆ ಒಂದೇ ಸಲಕ್ಕೆ ಉಚ್ಚರಿಸುವ ತುಣುಕು ಎಷ್ಟು, ಅನ್ನುವುದರ ಮೇಲೆ ನಿಂತಿದೆ. ಸಿಲಬಲ್ ಅಂದ ಕೂಡಲೇ ಮಕ್ಕಳು ಮುಖ ಸಿಂಡರಿಸುತ್ತಾರೆ, ಏಕೆಂದರೆ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಅದನ್ನು ಎಣಿಸುವುದು ಕಷ್ಟ. ಆದರೆ ಕನ್ನಡದ ಮಕ್ಕಳ ಕೈಯಲ್ಲಿ ಒಂದು ಸಲೀಸಾದ ಉಪಾಯ ಇದೆ. ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆಸಿ. ಒತ್ತಕ್ಷರ ಎಷ್ಟಿದ್ದರೂ ಒಂದು ಅಕ್ಷರವನ್ನು ಒಂದೇ ಅಂತ ಎಣಿಸಲಿ, ಅರ್ಧಾಕ್ಷರವನ್ನು ಲೆಕ್ಕದಿಂದ ಬಿಡಲಿ. 'ಸ್ಟ್ರಾಂಗ್' ನೋಡಿ: 'ಸ್ಟ್ರಾಂ' ಒಂದು, 'ಗ್' ಅರ್ಧ, ಲೆಕ್ಕಕ್ಕಿಲ್ಲ. ಒಟ್ಟು ಒಂದು. ಇಂಗ್ಲಿಷ್‌ನಲ್ಲಿ ಆರು ಅಕ್ಷರ ಇದ್ದರೂ ಇದು ಒಂದೇ ಸಿಲಬಲ್‌ನ ಪದ. 'ಹ್ಯಾಪಿ' ಎರಡು. 'ಸಿಂಪಲ್' ಎರಡು. 'ಬ್ಯೂಟಿಫುಲ್' ಮೂರು. 'ಎಕ್ಸ್‌ಪೆನ್ಸಿವ್' ಕೂಡ ಮೂರು: ಎ, ಪೆ, ಸಿ. ಹಳೆಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿದವನಿಗೆ ಇದು ಯಾವ ಲೆಕ್ಕ?

ಒಂದು ಬಂದರೆ 'ಅರ್, ಎಸ್ಟ್'. ಮೂರು ಅಥವಾ ಹೆಚ್ಚು ಬಂದರೆ 'ಮೋರ್, ಮೋಸ್ಟ್'. ಇಲ್ಲಿಗೆ ಮುಕ್ಕಾಲು ಪಾಲು ಮುಗಿಯಿತು.

ತಕರಾರು ಇರುವುದು ಎರಡು ಸಿಲಬಲ್‌ನವರದ್ದು. ಕೊನೆಯಲ್ಲಿ 'ವೈ' ಅಕ್ಷರ ಇದ್ದು 'ಈ' ಅಂತ ಮುಗಿದರೆ 'ಅರ್': ಹ್ಯಾಪಿಯರ್, ಈಸಿಯರ್, ಹೆವಿಯರ್. 'ಓ' ಅಂತ ಮುಗಿಯುವ 'ನ್ಯಾರೋ', ಎಲ್-ಇ ಸ್ಪೆಲ್ಲಿಂಗ್‌ನಲ್ಲಿ ಮುಗಿಯುವ 'ಸಿಂಪಲ್', 'ಜೆಂಟಲ್' ಇವಕ್ಕೂ ಸಾಮಾನ್ಯವಾಗಿ 'ಅರ್'. ಸ್ಪೆಲ್ಲಿಂಗ್ ನೋಡಲೇಬೇಕು, ಯಾಕೆಂದರೆ ಕಿವಿಗೆ ಹಾಗೆಯೇ ಕೇಳುವ 'ಲೋಕಲ್', 'ಲೀಗಲ್' ಎ-ಎಲ್ ಪದಗಳು, ಅವಕ್ಕೆ 'ಮೋರ್'. 'ಫುಲ್', 'ಲೆಸ್', 'ಅಸ್', 'ಇಂಗ್' ಎಂಬ ಬಾಲ ಇರುವ 'ಕೇರ್‌ಫುಲ್', 'ಯೂಸ್‌ಲೆಸ್', 'ಫೇಮಸ್', 'ಬೋರಿಂಗ್' ಎಲ್ಲಕ್ಕೂ 'ಮೋರ್'. ಉಳಿದ ಕೆಲವು ಎರಡೂ ದೋಣಿಯಲ್ಲಿ ಕಾಲಿಟ್ಟಿವೆ. 'ಕ್ಲೆವರರ್' ಅಂದರೂ ಸರಿ, 'ಮೋರ್ ಕ್ಲೆವರ್' ಅಂದರೂ ಸರಿ. 'ಕಾಮನ್', 'ಪೊಲೈಟ್', 'ಕ್ವೈಯೆಟ್' ಕೂಡ ಹಾಗೆಯೇ. ಅನುಮಾನ ಬಂದರೆ 'ಮೋರ್' ಹಾಕಲಿ, ತಪ್ಪುವ ಸಂಭವ ಕಡಿಮೆ.

ಲೆಕ್ಕಕ್ಕೆ ಸಿಗದ ಪೋಕರಿಗಳೂ ಇವೆ. 'ಟೈರ್ಡ್', 'ಬೋರ್ಡ್' ಇವು ನಮ್ಮ ಎಣಿಕೆಯಲ್ಲಿ ಒಂದೇ ಸಿಲಬಲ್, ಆದರೆ 'ಮೋರ್ ಟೈರ್ಡ್' ಅನ್ನುತ್ತಾರೆ, ಯಾಕೆಂದರೆ ಅವು ಕ್ರಿಯಾಪದದಿಂದ ಹುಟ್ಟಿ ಇ-ಡಿ ಬಾಲ ಹೊತ್ತವು. ಆ ಬಾಲದ ಮೇಲೆ ಇನ್ನೊಂದು ಬಾಲ ಕೂರುವುದಿಲ್ಲ. 'ರಾಂಗ್', 'ರಿಯಲ್' ಕೂಡ 'ಮೋರ್' ಕೇಳುತ್ತವೆ. ಮೂರು ಸಿಲಬಲ್‌ನ 'ಅನ್‌ಹ್ಯಾಪಿ' ಮಾತ್ರ ತನ್ನ ಅಣ್ಣ 'ಹ್ಯಾಪಿ'ಯ ಹಾದಿ ಹಿಡಿದು 'ಅನ್‌ಹ್ಯಾಪಿಯರ್' ಆಗುತ್ತದೆ.

ಸ್ಪೆಲ್ಲಿಂಗ್ ಬಗ್ಗೆ ಎರಡೇ ಮಾತು. 'ಬಿಗ್' ಥರ ಕೊನೆಯಲ್ಲಿ ಒಂದು ಸ್ವರ, ಒಂದು ವ್ಯಂಜನ ಇದ್ದರೆ ವ್ಯಂಜನ ಡಬಲ್: ಬಿ-ಐ-ಜಿ-ಜಿ-ಇ-ಆರ್. 'ಹಾಟ್', 'ಥಿನ್', 'ಸ್ಯಾಡ್' ಹಾಗೆಯೇ. 'ಚೀಪ್', 'ಕ್ಲೀನ್' ಪದಗಳಲ್ಲಿ ಎರಡು ಸ್ವರಾಕ್ಷರ ಇರುವುದರಿಂದ ಡಬಲ್ ಇಲ್ಲ. ವೈ ಇದ್ದು ಅದರ ಹಿಂದೆ ವ್ಯಂಜನ ಇದ್ದರೆ ವೈ ಹೋಗಿ ಐ ಬರುತ್ತದೆ.

ಇಷ್ಟಕ್ಕೂ ಒಂದೇ ಕೆಲಸಕ್ಕೆ ಎರಡು ವ್ಯವಸ್ಥೆ ಯಾಕೆ ಅಂತ ಹುಡುಗ ಕೇಳಿದರೆ (ಕೇಳಲಿ ಅಂತ ನನ್ನಾಸೆ), ಹಳೆಯ ಇಂಗ್ಲಿಷ್‌ನಲ್ಲಿ ಇದ್ದದ್ದು ಬಾಲ ಕಟ್ಟುವ ಪದ್ಧತಿ ಒಂದೇ ಅಂತ ಹೇಳಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲಿನ ಶತಮಾನಗಳಲ್ಲಿ ಫ್ರೆಂಚ್ ಮೂಲದ ಉದ್ದುದ್ದ ಪದಗಳು ರಾಶಿ ರಾಶಿ ಬಂದವು. 'ಮೋರ್', 'ಮೋಸ್ಟ್' ಹಾಕಿ ಹೋಲಿಸುವ ರೂಢಿ ಬೆಳೆದದ್ದೂ ಆ ಕಾಲದಲ್ಲೇ, 13ನೇ ಶತಮಾನದಿಂದ ಈಚೆಗೆ. ಉದ್ದನೆ ಪದದ ಕೊನೆಗೆ ಮತ್ತೊಂದು ಬಾಲ ಕಟ್ಟುವುದಕ್ಕಿಂತ ಮುಂದೆ ಒಂದು ಪದ ಇಡುವುದು ನಾಲಿಗೆಗೆ ಹಗುರ. ಬಹಳ ಕಾಲ ಎರಡೂ ಪದ್ಧತಿ ಬೆರೆತೇ ನಡೆದವು, ಒಂದೇ ಪದಕ್ಕೆ ಎರಡನ್ನೂ ಹಾಕುವುದೂ ಇತ್ತು. ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದಲ್ಲಿ ಬ್ರೂಟಸ್ ಇರಿದ ಇರಿತವನ್ನು ಆಂಟನಿ 'ಮೋಸ್ಟ್ ಅನ್‌ಕೈಂಡೆಸ್ಟ್' ಅಂತಲೇ ಕರೆಯುತ್ತಾನೆ. ಅಂದರೆ ನಿಮ್ಮ ಮಗನ 'ಮೋರ್ ಟಾಲರ್' ಹುಟ್ಟುವುದರಲ್ಲಿ ನಾಲ್ಕು ಶತಮಾನ ತಡವಾಯಿತು, ಅಷ್ಟೇ! 18ನೇ ಶತಮಾನದಲ್ಲಿ ವ್ಯಾಕರಣ ಬರೆಯುವವರು ಹೆಚ್ಚಾದರು, ಇಂಥದ್ದಕ್ಕೆಲ್ಲ ಕತ್ತರಿ ಬಿತ್ತು. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಈ ಜೋಡಿ ಗುರುತು ತಪ್ಪು ಅಂತ ಬರೆದ. ಒಂದಕ್ಕೆ ಮಾತ್ರ ವಿನಾಯಿತಿ ಕೊಟ್ಟ: ಬೈಬಲಿನ ಕೀರ್ತನೆಗಳ ಹಳೆಯ ಅನುವಾದದಲ್ಲಿ ದೇವರನ್ನು 'ಮೋಸ್ಟ್ ಹೈಯೆಸ್ಟ್' ಅಂದದ್ದು ಸರಿಯಂತೆ, ಯಾಕೆಂದರೆ ಅವನು ಎತ್ತರದವರಿಗಿಂತಲೂ ಎತ್ತರದವನು. ಪಾದ್ರಿಯ ವ್ಯಾಕರಣ ಅಲ್ವಾ.

ನಾವೂ ಏನು ಕಮ್ಮಿ ಇಲ್ಲ. ಕನ್ನಡಕ್ಕೆ ತನ್ನದೇ ಆದ ಡಿಗ್ರಿ ಬಾಲ ಇಲ್ಲದಿದ್ದರೂ ಸಂಸ್ಕೃತದಿಂದ ಬಂದ 'ಶ್ರೇಷ್ಠ', 'ಕನಿಷ್ಠ', 'ಗರಿಷ್ಠ', 'ಉತ್ತಮ' ಎಲ್ಲ ಮೂಲದಲ್ಲಿ 'ಎಲ್ಲಕ್ಕಿಂತ ಹೆಚ್ಚು' ಅನ್ನುವ 'ಎಸ್ಟ್' ಥರದ ರೂಪಗಳು, ಅಂದರೆ ಸೂಪರ್ಲೇಟಿವ್‌ಗಳೇ. ಆದರೂ 'ಅತಿ ಶ್ರೇಷ್ಠ', 'ಅತ್ಯುತ್ತಮ' ಅಂತ ಅದರ ಮೇಲೊಂದು ಹೇರುತ್ತೇವೆ. ಯಜುರ್ವೇದದಲ್ಲೇ 'ಶ್ರೇಷ್ಠತಮ' ಇದೆ. ಸಂಸ್ಕೃತದ ಆ 'ಇಷ್ಠ'ವೂ ಇಂಗ್ಲಿಷ್‌ನ 'ಎಸ್ಟ್' ಕೂಡ ಒಂದೇ ಬೇರಿನವು. 'ಸ್ವಾದಿಷ್ಠ' ಮತ್ತು 'ಸ್ವೀಟೆಸ್ಟ್' ಅಕ್ಕಪಕ್ಕ ಇಟ್ಟು ಹುಡುಗನಿಗೆ ತೋರಿಸಿ. ಎರಡು ಪದಗಳು ತಲೆಯಿಂದ ಬಾಲದವರೆಗೆ ದಾಯಾದಿಗಳು. ಪಟ್ಟಿ ಓದಿಸುವುದಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.

'ಗುಡ್, ಬೆಟರ್, ಬೆಸ್ಟ್' ಥರದವಕ್ಕೆ ಲೆಕ್ಕ ಇಲ್ಲ, ಬಾಯಿಪಾಠವೇ ಗತಿ. 'ಗುಡ್' ಒಂದು ಮನೆಯದು, 'ಬೆಟರ್, ಬೆಸ್ಟ್' ಇನ್ನೊಂದು ಮನೆಯವು. ಎಂದೋ ಒಂದೇ ಸಾಲಿಗೆ ಸೇರಿಕೊಂಡಿವೆ. 'ಬ್ಯಾಡ್, ವರ್ಸ್, ವರ್ಸ್ಟ್' ಕೂಡ ಹೀಗೆಯೇ. 'ಲಿಟಲ್, ಲೆಸ್, ಲೀಸ್ಟ್', 'ಮಚ್' ಮತ್ತು 'ಮೆನಿ'ಗೆ 'ಮೋರ್, ಮೋಸ್ಟ್', 'ಫಾರ್'ಗೆ 'ಫಾರ್ದರ್' ಅಥವಾ 'ಫರ್ದರ್'. ಇಷ್ಟೇ ಇರುವುದು, ಒಂದು ಸಂಜೆಯ ಕೆಲಸ.

ಇನ್ನು ಡಿಗ್ರಿ ಬದಲಿಸುವ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇದರಲ್ಲಿ ಇಂಗ್ಲಿಷ್‌ಗಿಂತ ಗಣಿತವೇ ಜಾಸ್ತಿ. ಯಾರು ಗುಂಪಿನ ಒಳಗಿದ್ದಾರೆ, ಯಾರು ಹೊರಗಿದ್ದಾರೆ ಅನ್ನುವುದು ಗೊತ್ತಾದರೆ 'ನೋ ಅದರ್', 'ವೆರಿ ಫ್ಯೂ' ಎಲ್ಲ ತಾವಾಗಿ ಬರುತ್ತವೆ.

ನಮ್ಮದೇ ಉದಾಹರಣೆ ತಗೊಳ್ಳಿ. ವಿಸ್ತೀರ್ಣದಲ್ಲಿ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿ, ಸುಮಾರು 13,400 ಚದರ ಕಿಲೋಮೀಟರ್. 'ಬೆಳಗಾವಿ ಈಸ್ ದ ಲಾರ್ಜೆಸ್ಟ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ.' ಇದು ಸೂಪರ್ಲೇಟಿವ್. ಇದನ್ನು ಕಂಪ್ಯಾರಟಿವ್, ಅಂದರೆ 'ಅರ್/ಮೋರ್' ರೂಪಕ್ಕೆ ತಂದರೆ 'ಬೆಳಗಾವಿ ಈಸ್ ಲಾರ್ಜರ್ ದ್ಯಾನ್ ಎನಿ ಅದರ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ.' ಪಾಸಿಟಿವ್, ಅಂದರೆ ಬಾಲವಿಲ್ಲದ ಮೂಲ ಪದಕ್ಕೆ ('ಆಸ್... ಆಸ್') ತಂದರೆ 'ನೋ ಅದರ್ ಡಿಸ್ಟ್ರಿಕ್ಟ್ ಇನ್ ಕರ್ನಾಟಕ ಈಸ್ ಆಸ್ ಲಾರ್ಜ್ ಆಸ್ ಬೆಳಗಾವಿ.'

ಇಲ್ಲಿ ಪ್ರಾಣ ಇರುವುದು 'ಅದರ್' ಅನ್ನುವ ಪದದಲ್ಲಿ. ಅದನ್ನು ಬಿಟ್ಟು 'ದ್ಯಾನ್ ಎನಿ ಡಿಸ್ಟ್ರಿಕ್ಟ್ ಇನ್ ಕರ್ನಾಟಕ' ಅಂದರೆ ಬೆಳಗಾವಿಯೂ ಆ ಗುಂಪಿನಲ್ಲಿ ಸೇರುತ್ತದೆ, ಆಗ ಬೆಳಗಾವಿ ಬೆಳಗಾವಿಗಿಂತಲೇ ದೊಡ್ಡದು ಅಂತ ಅರ್ಥವಾಗುತ್ತದೆ. ಕನ್ನಡದಲ್ಲೂ ನಾವು 'ಬೇರೆ ಯಾವ ಜಿಲ್ಲೆಗಿಂತಲೂ' ಅಂತ 'ಬೇರೆ' ಸೇರಿಸುತ್ತೇವಲ್ಲ, ಅದೇ ಇದು. ಆದರೆ ನೋಡಿ, 'ಬೆಳಗಾವಿ ಈಸ್ ಲಾರ್ಜರ್ ದ್ಯಾನ್ ಎನಿ ಡಿಸ್ಟ್ರಿಕ್ಟ್ ಇನ್ ಕೇರಳ' ಅನ್ನುವ ವಾಕ್ಯ ಪೂರ್ತಿ ಸರಿ. ಅಲ್ಲಿ 'ಅದರ್' ಬೇಡ. ಬೆಳಗಾವಿ ಕೇರಳದಲ್ಲಿ ಇಲ್ಲವಲ್ಲ, ತನ್ನನ್ನು ತಾನು ಹೊರಗಿಡುವ ಅಗತ್ಯವೇ ಬರುವುದಿಲ್ಲ. ಈ ಎರಡು ವಾಕ್ಯಗಳನ್ನು ಒಂದರ ಕೆಳಗೆ ಒಂದು ಬರೆಸಿ, ಒಂದರಲ್ಲಿ 'ಅದರ್' ಯಾಕಿದೆ, ಇನ್ನೊಂದರಲ್ಲಿ ಯಾಕಿಲ್ಲ ಅಂತ ಅವನ ಬಾಯಿಂದಲೇ ಹೇಳಿಸಿ. ಅಷ್ಟು ಹೇಳಿದನೆಂದರೆ ಈ ಪಾಠದ ಕಷ್ಟದ ಭಾಗ ದಾಟಿದ ಹಾಗೆ. ಇನ್ನೊಂದು ಸಣ್ಣ ವಿಷಯ: 'ಎನಿ ಅದರ್' ಆದಮೇಲೆ ಏಕವಚನ, 'ಡಿಸ್ಟ್ರಿಕ್ಟ್'. 'ಆಲ್ ಅದರ್' ಅಂದರೆ ಬಹುವಚನ, 'ಡಿಸ್ಟ್ರಿಕ್ಟ್ಸ್'.

'ಒನ್ ಆಫ್ ದ' ಬಂದಾಗ ಗುಂಪು ಬದಲಾಗುತ್ತದೆ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ಮೊದಲನೇ ಸ್ಥಾನ ಪಡೆಯಿತು, ಆ ವರ್ಷದ ಪಟ್ಟಿಯ ಮಟ್ಟಿಗೆ ಅದನ್ನು 'ದ ಕ್ಲೀನೆಸ್ಟ್' ಅನ್ನಬಹುದಿತ್ತು. ಎಲ್ಲ ಕಾಲಕ್ಕೂ ಸಲ್ಲುವಂತೆ ಹೇಳಬೇಕೆಂದರೆ 'ಮೈಸೂರು ಈಸ್ ಒನ್ ಆಫ್ ದ ಕ್ಲೀನೆಸ್ಟ್ ಸಿಟೀಸ್ ಇನ್ ಇಂಡಿಯಾ' ಅನ್ನುವುದು ಕ್ಷೇಮ. ಮೊದಲು 'ಸಿಟೀಸ್' ಗಮನಿಸಿ, ಬಹುವಚನ. 'ಒನ್ ಆಫ್ ದ ಬೆಸ್ಟ್ ಸ್ಟೂಡೆಂಟ್' ಅನ್ನುವ ತಪ್ಪನ್ನು ಮದುವೆ ಮನೆಯ ಬ್ಯಾನರ್‌ನಿಂದ ಹಿಡಿದು ಸನ್ಮಾನ ಪತ್ರದವರೆಗೆ ಎಲ್ಲ ಕಡೆ ನೋಡಬಹುದು. ಹಲವರಲ್ಲಿ ಒಬ್ಬ ಅಂದಮೇಲೆ ಹಲವರು ಇರಲೇಬೇಕು ತಾನೆ? ಈಗ ಇದನ್ನು ಬದಲಿಸೋಣ. ಮೈಸೂರಿನಷ್ಟು ಸ್ವಚ್ಛವಾದ ಬೇರೆ ಕೆಲವು ನಗರಗಳೂ ಇರಬಹುದು, ಹಾಗಾಗಿ 'ನೋ ಅದರ್' ಅಂದರೆ ಸುಳ್ಳಾಗುತ್ತದೆ, 'ಎನಿ ಅದರ್' ಅಂದರೂ ಸುಳ್ಳಾಗುತ್ತದೆ. ನಿಜ ಉಳಿಯಬೇಕಾದರೆ 'ಹೆಚ್ಚಿನ ನಗರಗಳಿಗಿಂತ' ಅನ್ನಬೇಕು: 'ಮೈಸೂರು ಈಸ್ ಕ್ಲೀನರ್ ದ್ಯಾನ್ ಮೋಸ್ಟ್ ಅದರ್ ಸಿಟೀಸ್ ಇನ್ ಇಂಡಿಯಾ.' ಪಾಸಿಟಿವ್‌ನಲ್ಲಿ 'ಬೆರಳೆಣಿಕೆಯಷ್ಟು ಮಾತ್ರ' ಅನ್ನಬೇಕು: 'ವೆರಿ ಫ್ಯೂ ಸಿಟೀಸ್ ಇನ್ ಇಂಡಿಯಾ ಆರ್ ಆಸ್ ಕ್ಲೀನ್ ಆಸ್ ಮೈಸೂರು.' ಇಲ್ಲಿ 'ಎ ಫ್ಯೂ' ಹಾಕಿದರೆ 'ಕೆಲವು ಇವೆ' ಅಂತ ಹೇಳಿದ ಹಾಗಾಗುತ್ತದೆ, 'ವೆರಿ ಫ್ಯೂ' ಅಂದರೆ 'ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ'. ಅರ್ಥ ತಿಳಿದರೆ ಸಾಕು, ಸೂತ್ರ ಬೇಕಿಲ್ಲ.

ಇಬ್ಬರನ್ನೇ ಹೋಲಿಸುವ ವಾಕ್ಯ ಇನ್ನೂ ಸುಲಭ. 'ರವಿ ಈಸ್ ಟಾಲರ್ ದ್ಯಾನ್ ರಾಜು' ಅನ್ನುವುದನ್ನು ಪಾಸಿಟಿವ್‌ಗೆ ತಂದರೆ ಹೆಸರುಗಳು ಜಾಗ ಬದಲಿಸುತ್ತವೆ, 'ನಾಟ್' ಬರುತ್ತದೆ: 'ರಾಜು ಈಸ್ ನಾಟ್ ಆಸ್ ಟಾಲ್ ಆಸ್ ರವಿ.' ಬುದ್ಧಿವಂತ ಹುಡುಗರು ಕೆಲವರು 'ರಾಜು ಈಸ್ ಶಾರ್ಟರ್ ದ್ಯಾನ್ ರವಿ' ಅಂತ ಬರೆಯುತ್ತಾರೆ. ಅರ್ಥ ಸರಿ, ಆದರೆ ಅಂಕ ಬರುವುದಿಲ್ಲ, ಯಾಕೆಂದರೆ ಪದ ಬದಲಾಯಿತೇ ಹೊರತು ಡಿಗ್ರಿ ಬದಲಾಗಲಿಲ್ಲ. ಇಲ್ಲಿಂದ ಸೂಪರ್ಲೇಟಿವ್‌ಗೆ ಹೋಗುವ ಹಾಗಿಲ್ಲ, ಇಬ್ಬರಲ್ಲಿ 'ಎಸ್ಟ್' ಬೇಡ. 'ದ ಟಾಲರ್ ಆಫ್ ದ ಟೂ' ಅನ್ನಬಹುದು, ಕಂಪ್ಯಾರಟಿವ್‌ಗೆ 'ದ' ಬರುವ ಅಪರೂಪದ ಜಾಗ ಇದು. 'ರಾಜು ಈಸ್ ಆಸ್ ಟಾಲ್ ಆಸ್ ರವಿ' ಅಂತ ಕೊಟ್ಟರೆ ಪುಸ್ತಕಗಳಲ್ಲಿರುವ ಉತ್ತರ 'ರವಿ ಈಸ್ ನಾಟ್ ಟಾಲರ್ ದ್ಯಾನ್ ರಾಜು'. ಬಿಗಿಯಾಗಿ ನೋಡಿದರೆ ಇವೆರಡೂ ಒಂದೇ ಅಲ್ಲ, ಎರಡನೆಯದರಲ್ಲಿ ರವಿ ಗಿಡ್ಡನೂ ಆಗಿರಬಹುದು. ಹುಡುಗ ಈ ತಕರಾರು ತೆಗೆದರೆ ಬೆನ್ನು ತಟ್ಟಿ, ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಉತ್ತರ ಬರೆಯಲು ಹೇಳಿ.

ಹೋಲಿಸುವ ಎರಡೂ ವಸ್ತು ಒಂದೇ ಜಾತಿಯವಾಗಿರಬೇಕು ಅನ್ನುವುದು ಇನ್ನೊಂದು ಬಲೆ. 'ಮೈಸೂರಿನ ಹವೆ ಚೆನ್ನೈಗಿಂತ ಚೆನ್ನಾಗಿದೆ' ಅಂದರೆ ಕನ್ನಡದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದನ್ನೇ 'ದ ಕ್ಲೈಮೇಟ್ ಆಫ್ ಮೈಸೂರು ಈಸ್ ಬೆಟರ್ ದ್ಯಾನ್ ಚೆನ್ನೈ' ಅಂತ ಬರೆದರೆ ಇಂಗ್ಲಿಷ್ ಮೇಷ್ಟ್ರು ಹವೆಯನ್ನು ಊರಿನ ಜೊತೆ ಹೋಲಿಸಿದ್ದೀಯ ಅಂತ ಅಂಕ ಕತ್ತರಿಸುತ್ತಾರೆ. 'ದ್ಯಾನ್ ದ್ಯಾಟ್ ಆಫ್ ಚೆನ್ನೈ' ಅನ್ನಬೇಕು.

'ದ್ಯಾನ್ ಐ'ನೋ 'ದ್ಯಾನ್ ಮಿ'ನೋ ಅಂತ ಕೇಳಿದ್ದೀರಿ. ಮಾತಿನಲ್ಲಿ ಇಂಗ್ಲಿಷರೇ ಹೆಚ್ಚಾಗಿ 'ದ್ಯಾನ್ ಮಿ' ಅನ್ನುತ್ತಾರೆ, ಅದು ತಪ್ಪಲ್ಲ. ಹಳೆಯ ಕಾಲದ ವ್ಯಾಕರಣ ಪುಸ್ತಕ 'ದ್ಯಾನ್ ಐ' ಕೇಳುತ್ತದೆ. ನನ್ನನ್ನು ಕೇಳಿದರೆ ಎರಡನ್ನೂ ಬಿಟ್ಟು 'ದ್ಯಾನ್ ಐ ಆಮ್' ಅಂತ ಪೂರ್ತಿ ಬರೆಸಿ, ಯಾರೂ ತಕರಾರು ತೆಗೆಯುವ ಹಾಗಿಲ್ಲ. ಅರ್ಥವೇ ಬೇರೆಯಾಗುವ ಜಾಗವೂ ಒಂದಿದೆ. 'ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್ ಐ' ಅಂದರೆ ಅವನನ್ನು ನಾನು ಇಷ್ಟಪಡುವುದಕ್ಕಿಂತ ಅವಳು ಜಾಸ್ತಿ ಇಷ್ಟಪಡುತ್ತಾಳೆ. 'ದ್ಯಾನ್ ಮಿ' ಅಂದರೆ ನನ್ನ ಮೇಲಿರುವುದಕ್ಕಿಂತ ಅವನ ಮೇಲೆ ಅವಳಿಗೆ ಇಷ್ಟ ಜಾಸ್ತಿ. ಕನ್ನಡದಲ್ಲಿ 'ನನಗಿಂತ ಅವನನ್ನು ಜಾಸ್ತಿ ಇಷ್ಟಪಡುತ್ತಾಳೆ' ಅಂತ ಒಂದೇ ಮಾತಲ್ಲಿ ಎರಡೂ ಜಗಳ ಮುಚ್ಚಿಹೋಗುತ್ತದೆ.

ಇದೇ ಸಾಲಿನಲ್ಲಿ ನೀವು ಕೇಳದ ಮೂರು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಲ್ಲ ನಾಳೆ ಬರುತ್ತವೆ.

ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ ಅಂತ ನಾಲ್ಕು ಪದ ಇವೆ. ಇಂಗ್ಲಿಷ್‌ನಲ್ಲಿ 'ಬ್ರದರ್, ಸಿಸ್ಟರ್' ಎರಡೇ, ಹಾಗಾಗಿ 'ಎಲ್ಡರ್ ಬ್ರದರ್' ಅಂತ ಸೇರಿಸಿ ಅಣ್ಣನನ್ನು ಮಾಡಿಕೊಳ್ಳುತ್ತಾರೆ. ಆದರೆ 'ಎಲ್ಡರ್ ದ್ಯಾನ್ ಮಿ' ಅನ್ನುವ ಹಾಗಿಲ್ಲ. 'ದ್ಯಾನ್' ಬೇಕಾದರೆ 'ಓಲ್ಡರ್ ದ್ಯಾನ್ ಮಿ'. 'ಎಲ್ಡರ್' ಮನೆಯೊಳಗಿನ ಪದ, ಮರಕ್ಕೋ ಕಟ್ಟಡಕ್ಕೋ ಅದನ್ನು ಹಾಕುವುದಿಲ್ಲ.

ಆಫೀಸಿನಲ್ಲಿ 'ಹಿ ಈಸ್ ಸೀನಿಯರ್ ದ್ಯಾನ್ ಮಿ' ಅನ್ನುವವರು ಬಹಳ ಜನ. 'ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್' ಇವೆಲ್ಲ ಲ್ಯಾಟಿನ್‌ನಿಂದ ಬಂದವು, ಕೊನೆಯ 'ಇಯರ್' ಅನ್ನುವುದೇ ಲ್ಯಾಟಿನ್‌ನಲ್ಲಿ ಹೋಲಿಕೆಯ ಬಾಲ. ಇಂಗ್ಲಿಷ್‌ನಲ್ಲಿ ಇವುಗಳ ಜೊತೆ 'ಟು' ಬರುತ್ತದೆ: 'ಸೀನಿಯರ್ ಟು ಮಿ'. ಇವಕ್ಕೆ 'ಮೋರ್' ಕೂಡ ಹಾಕಬೇಡಿ. 'ಪ್ರಿಫರ್' ಕ್ರಿಯಾಪದವಾದರೂ ಅದಕ್ಕೂ 'ಟು' ಬೇಕು: 'ಐ ಪ್ರಿಫರ್ ಕಾಫಿ ಟು ಟೀ'.

ಮೂರನೆಯದು 'ವೆರಿ'. 'ವೆರಿ ಟಾಲ್' ಸರಿ, 'ವೆರಿ ಟಾಲರ್' ತಪ್ಪು. ಕನ್ನಡದ 'ತುಂಬಾ' ಎರಡೂ ಕಡೆ ಕೂರುತ್ತದೆ, 'ತುಂಬಾ ಎತ್ತರ', 'ನನಗಿಂತ ತುಂಬಾ ಎತ್ತರ'. ಇಂಗ್ಲಿಷ್‌ನಲ್ಲಿ ಎರಡನೆಯದಕ್ಕೆ 'ಮಚ್ ಟಾಲರ್' ಅನ್ನಬೇಕು. 'ಮೋರ್ ಬೆಟರ್' ಅನ್ನುವವರಿಗೂ ಇದೇ ಮದ್ದು, 'ಮಚ್ ಬೆಟರ್' ಅಂದರೆ ಅವರು ಹೇಳಬೇಕಾದದ್ದು ಪೂರ್ತಿ ಬರುತ್ತದೆ.

ಅಭ್ಯಾಸಕ್ಕೆ ಏನು ಕೊಡಬೇಕು ಅಂದರೆ, ಗೈಡಿನ ಐವತ್ತು ವಾಕ್ಯ ಬೇಡ. ಮೂರು ಶಿಖರ ಕೊಡಿ: ಎವರೆಸ್ಟ್ 8,848.86 ಮೀಟರ್, ಕೆ-2 8,611 ಮೀಟರ್, ಕಾಂಚನಜುಂಗಾ 8,586 ಮೀಟರ್. ಈ ಮೂರನ್ನು ಇಟ್ಟುಕೊಂಡು ಎಷ್ಟು ಬಗೆಯಲ್ಲಿ ಹೋಲಿಸಲು ಸಾಧ್ಯವೋ ಅಷ್ಟೂ ವಾಕ್ಯ ಬರೆಯಲಿ. ಅಂಕಿ ಎದುರಿಗಿದ್ದರೆ ವಾಕ್ಯ ನಿಜವೋ ಸುಳ್ಳೋ ಅಂತ ತಾನೇ ಪರೀಕ್ಷಿಸಿಕೊಳ್ಳಬಹುದು. ಬೆಟ್ಟಕ್ಕೆ 'ಹೈ', ಮನುಷ್ಯ, ಮರ, ಕಟ್ಟಡಕ್ಕೆ 'ಟಾಲ್' ಅನ್ನುವುದನ್ನು ಮೊದಲೇ ಹೇಳಿಬಿಡಿ, ನಮ್ಮ 'ಎತ್ತರ' ಎರಡಕ್ಕೂ ಒಂದೇ ಆದ್ದರಿಂದ ಅಲ್ಲೊಂದು ಎಡವಟ್ಟು ಆಗುತ್ತದೆ. ಎವರೆಸ್ಟ್ ಬಗ್ಗೆ ಸಲೀಸಾಗಿ ಬರೆಯುತ್ತಾನೆ. ಕೆ-2 ಹತ್ತಿರ ಬಂದಾಗ 'ಕೆ-2 ಈಸ್ ದ ಸೆಕೆಂಡ್ ಹೈಯೆಸ್ಟ್ ಪೀಕ್ ಇನ್ ದ ವರ್ಲ್ಡ್' ಅಂತ ಬರೆದು, ಅದನ್ನು ಕಂಪ್ಯಾರಟಿವ್ ಮಾಡು ಅಂದರೆ ಪೆನ್ನು ನಿಲ್ಲುತ್ತದೆ, ಯಾಕೆಂದರೆ 'ಎನಿ ಅದರ್' ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಗ ತಕ್ಷಣ ಉತ್ತರ ಹೇಳಬೇಡಿ, ಕೆ-2ಗಿಂತ ಎತ್ತರದವು ಎಷ್ಟಿವೆ ಅಂತ ಕನ್ನಡದಲ್ಲೇ ಕೇಳಿ. ಒಂದೇ ಒಂದು ಅನ್ನುತ್ತಾನೆ. ಹಾಗಾದರೆ ಅದನ್ನೇ ಬರೆಯಲಿ: 'ಓನ್ಲಿ ಒನ್ ಪೀಕ್ ಇನ್ ದ ವರ್ಲ್ಡ್ ಈಸ್ ಹೈಯರ್ ದ್ಯಾನ್ ಕೆ-2.' ಪಾಸಿಟಿವ್ ಬೇಕಿದ್ದರೆ 'ಎಕ್ಸೆಪ್ಟ್ ಎವರೆಸ್ಟ್, ನೋ ಅದರ್ ಪೀಕ್ ಇನ್ ದ ವರ್ಲ್ಡ್ ಈಸ್ ಆಸ್ ಹೈ ಆಸ್ ಕೆ-2.' ಕಾಂಚನಜುಂಗಾ ಮೂರನೆಯದು, ಅದರ ಮೂರು ವಾಕ್ಯ ನಿಮ್ಮ ಸಹಾಯವಿಲ್ಲದೆ ಬರೆಯಲಿ.